ಶಾಟ್ ನೋಡಿದವರು ಪಾಸ್ ನೋಡಲಿಲ್ಲ

ಕೇಟ್ಲಿನ್ ಕ್ಲಾರ್ಕ್ ಹೆಸರೆತ್ತಿದರೆ ಸಾಕು, ಬಲ್ಲವರೆಲ್ಲ ಒಂದೇ ಶಾಟಿನ ಕಥೆ ಶುರು ಮಾಡುತ್ತಾರೆ. 2024ರ ಫೆಬ್ರುವರಿ 15, ಅಯೋವಾ ವಿಶ್ವವಿದ್ಯಾಲಯದ ಅಂಕಣ, ಎದುರಿಗೆ ಮಿಷಿಗನ್. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಮಹಿಳಾ ವಿಭಾಗದಲ್ಲಿ ಕೆಲ್ಸಿ ಪ್ಲಮ್ ಹೆಸರಿನಲ್ಲಿದ್ದ 3,527 ಅಂಕಗಳ ದಾಖಲೆ ಮುರಿಯಲು ಎಂಟು ಅಂಕ ಬೇಕಿತ್ತು. ಮೊದಲು ಒಂದು ಲೇಅಪ್, ಆಮೇಲೆ ಒಂದು ತ್ರೀ. ಮೂರನೆಯ ಸಲ ಚೆಂಡು ಕೈಗೆ ಬಂದಾಗ ಆಟ ಶುರುವಾಗಿ ಎರಡು ನಿಮಿಷ ಚಿಲ್ಲರೆ ಆಗಿತ್ತಷ್ಟೆ. ಎಡಬದಿಯಲ್ಲಿ ಡ್ರಿಬಲ್ ಮಾಡಿಕೊಂಡು ಬಂದವಳು ನಡು ಅಂಕಣದ ಲೋಗೋ ಪಕ್ಕದಲ್ಲೇ ಎದ್ದು ಎಸೆದಳು. ರಿಂಗಿಗೆ 30 ಅಡಿಗೂ ಹೆಚ್ಚು ದೂರ. ಬಿತ್ತು. ಆ ರಾತ್ರಿ ಒಟ್ಟು 49 ಅಂಕ.

ಶಾಟ್ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೃತ್ತಿಪರ ಲೀಗಿಗೆ ಬಂದ ಮೇಲೆ ಆಕೆಯ ಆಟವನ್ನು ಹಿಂಬಾಲಿಸುತ್ತ ಬಂದ ನನಗೆ (ಇಂಡಿಯಾನಾಪೊಲಿಸ್‌ನ ಸಂಜೆ ಏಳು ಗಂಟೆ ಎಂದರೆ ನಮಗೆ ನಸುಕಿನ ನಾಲ್ಕೂವರೆ, ಹಾಲಿನವನಿಗಿಂತ ಮೊದಲು ಎದ್ದು ಕೂತ ದಿನಗಳುಂಟು) ಅನ್ನಿಸಿದ್ದು ಬೇರೆ. ದೂರದ ಶಾಟ್ ಗಾಳಕ್ಕೆ ಸಿಕ್ಕಿಸಿದ ಹುಳು. ಮೀನು ಬೀಳುವುದು ಪಾಸಿಗೆ.

ಆ ವೃತ್ತಿಪರ ಲೀಗಾದ ಡಬ್ಲ್ಯುಎನ್‌ಬಿಎಯಲ್ಲಿ ಮೂರಂಕದ ಗೆರೆ ರಿಂಗಿನಿಂದ 22 ಅಡಿ ಚಿಲ್ಲರೆ ದೂರದಲ್ಲಿದೆ. ಸಾಮಾನ್ಯವಾಗಿ ಗಾರ್ಡ್ ಆ ಗೆರೆಯ ಹತ್ತಿರ ಬರುವತನಕ ಎದುರಾಳಿ ತುಸು ಸಡಿಲ ಬಿಟ್ಟೇ ಕಾಯುತ್ತಾಳೆ. ಕ್ಲಾರ್ಕ್‌ಗೆ ಹಾಗೆ ಸಡಿಲ ಬಿಡುವಂತಿಲ್ಲ; 28 ಅಡಿಯಿಂದಲೂ ಎಡಕ್ಕೆ ಸರಿದು, ಒಂದು ಹೆಜ್ಜೆ ಹಿಂದಿಟ್ಟು ಎಸೆದುಬಿಡುತ್ತಾಳೆ. ಹಾಗಾಗಿ ಒಬ್ಬಳು ಅರ್ಧ ಅಂಕಣದಲ್ಲೇ ಮೈಗೆ ಅಂಟಿಕೊಳ್ಳುತ್ತಾಳೆ. ಸಹ ಆಟಗಾರ್ತಿ ಅಲಿಯಾ ಬಾಸ್ಟನ್ ಬಂದು ಸ್ಕ್ರೀನ್ ಹಾಕಿದ (ಅಂಟಿಕೊಂಡವಳ ದಾರಿಗೆ ಅಡ್ಡ ನಿಂತ) ಕೂಡಲೇ ಎರಡನೆಯವಳೂ ನುಗ್ಗುತ್ತಾಳೆ. ಒಬ್ಬಳ ಮೇಲೆ ಇಬ್ಬರು ಬಿದ್ದರೆ ಹಿಂದೆ ಉಳಿಯುವವರು ಮೂವರು, ಅವರ ಮುಂದೆ ನಾಲ್ವರು.

ಇನ್ನು ನೋಡಬೇಕಾದ್ದು ಆ ಮುಂದಿನ ಅರ್ಧ ಸೆಕೆಂಡು. ಬಾಸ್ಟನ್ ಸ್ಕ್ರೀನ್ ಬಿಟ್ಟು ರಿಂಗಿನ ಕಡೆ ಹೊರಳುತ್ತಿದ್ದಾಳೆ. ಕ್ಲಾರ್ಕ್‌ಳ ಕಣ್ಣು ಮಾತ್ರ ಮೂಲೆಯಲ್ಲಿ ನಿಂತ ಶೂಟರ್ ಮೇಲೆ. ಆ ನೋಟವನ್ನು ನಂಬಿ ಮೂಲೆಯ ಡಿಫೆಂಡರ್ ಜಾಗ ಬಿಡದೆ ನಿಂತಳೋ, ಚೆಂಡು ಇಬ್ಬರ ಸೊಂಟದ ಸಂದಿಯಲ್ಲಿ ನುಸುಳಿ, ನೆಲಕ್ಕೆ ಒಂದು ಪುಟ ಹಾಕಿ, ಬಾಸ್ಟನ್ ಕೈ ಸೇರಿರುತ್ತದೆ. ನಂಬದೆ ಒಳಕ್ಕೆ ಸರಿದಳೋ, ಡ್ರಿಬಲ್‌ನಿಂದಲೇ ಒಂದು ಕೈಯಲ್ಲಿ ಎತ್ತಿದ ಚೆಂಡು ಅಂಕಣವನ್ನು ಅಡ್ಡ ಹಾದು ಅದೇ ಮೂಲೆಗೆ. ಎರಡು ಕೈಯಲ್ಲಿ ಹಿಡಿದು ಗುರಿ ನೋಡುವ ಶಾಸ್ತ್ರವೇ ಇಲ್ಲ. ರೀಬೌಂಡ್ ಸಿಕ್ಕಾಗಲೂ ಇದೇ ಚಾಳಿ: ಆ ತುದಿಗೆ ಓಡುತ್ತಿರುವ ಸಹ ಆಟಗಾರ್ತಿ ಕೆಲ್ಸಿ ಮಿಚೆಲ್ ಇನ್ನೂ ತಿರುಗಿ ನೋಡಿರುವುದಿಲ್ಲ, ಆಕೆಯ ಎರಡು ಹೆಜ್ಜೆ ಮುಂದಕ್ಕೆ ಚೆಂಡು ಹೊರಟಾಗಿರುತ್ತದೆ.

2024ರ ಜುಲೈ 17ರಂದು ಡಲ್ಲಾಸ್ ವಿಂಗ್ಸ್ ಎದುರು ಹೀಗೆ 19 ಅಸಿಸ್ಟ್, ಅಂದರೆ ನೇರ ಅಂಕವಾದ ಪಾಸ್, ಕೊಟ್ಟಳು. ಲೀಗಿನ ಇತಿಹಾಸದಲ್ಲಿ ಒಂದೇ ಆಟದಲ್ಲಿ ಅಷ್ಟು ಕೊಟ್ಟವರು ಅದುವರೆಗೆ ಇರಲಿಲ್ಲ. ಆಕೆಯ ತಂಡ ಇಂಡಿಯಾನಾ ಫೀವರ್ ಆ ಆಟವನ್ನು 93–101ರಿಂದ ಸೋತಿತು ಎಂಬುದನ್ನು ಹೊಗಳುಭಟರು ನುಂಗಿಕೊಳ್ಳುತ್ತಾರೆ.

ದಾಖಲೆಗಳ ವಿಷಯದಲ್ಲಿ ನಾವು ಸ್ವಲ್ಪ ಜಿಪುಣರಾಗುವುದು ಒಳ್ಳೆಯದು. ಕಾಲೇಜಿನಲ್ಲಿ ಆಕೆಯ ಒಟ್ಟು ಗಳಿಕೆ 3,951. ಗಂಡಸರನ್ನೂ ಸೇರಿಸಿ, ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎಯ ಮೊದಲ ದರ್ಜೆಯಲ್ಲಿ ಅದೇ ಅತಿ ಹೆಚ್ಚು. ಹಿಂದೆ ಬಿದ್ದವರಲ್ಲಿ ಪೀಟ್ ಮಾರಾವಿಚ್‌ನ 3,667 ಕೂಡ ಇದೆ. ಆದರೆ ಮಾರಾವಿಚ್ ಆಡಿದ್ದು ಮೂರೇ ವರ್ಷ, 83 ಆಟ. ಮೂರಂಕದ ಗೆರೆಯೇ ಇಲ್ಲದ ಕಾಲ ಅದು. ಕ್ಲಾರ್ಕ್ ಆಡಿದ್ದು ನಾಲ್ಕು ವರ್ಷ, 139 ಆಟ. ಲಿನೆಟ್ ವುಡರ್ಡ್ 3,649 ಅಂಕ ಗಳಿಸಿದಾಗಲೂ ಆ ಗೆರೆ ಇರಲಿಲ್ಲ. ಆಗಿನ ಮಹಿಳಾ ಕ್ರೀಡೆ ಎನ್‌ಸಿಎಎ ಆಡಳಿತದಲ್ಲಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಆಕೆಯ ಹೆಸರು ಅಧಿಕೃತ ಪಟ್ಟಿಯಿಂದ ಹೊರಗೇ ಉಳಿದಿತ್ತು. ಕ್ಲಾರ್ಕ್ ದೆಸೆಯಿಂದ ವುಡರ್ಡ್ ಹೆಸರು ಮತ್ತೆ ಜನರ ಬಾಯಿಗೆ ಬಂತು. ನನ್ನ ಲೆಕ್ಕದಲ್ಲಿ ಆ ದಾಖಲೆಯಿಂದಾದ ದೊಡ್ಡ ಉಪಕಾರ ಅದೇ.

ವೃತ್ತಿಪರ ಲೀಗಿನಲ್ಲಿ ಆಕೆಯ ಮೊದಲ ಋತುವಿನ 337 ಅಸಿಸ್ಟ್ ಕೂಡ ಆಗ ದಾಖಲೆಯೇ ಆಗಿತ್ತು. ಆದರೆ ಅದು 40 ಆಟಗಳ ಋತು. ಆಟಕ್ಕೆ ಸರಾಸರಿ 8.4. ಕೋರ್ಟ್ನಿ ವ್ಯಾಂಡರ್‌ಸ್ಲೂಟ್ 2020ರ ಕೋವಿಡ್ ವರ್ಷದ ಕಿರು ಋತುವಿನಲ್ಲಿ ಆಟಕ್ಕೆ ಹತ್ತರಂತೆ ಕೊಟ್ಟಿದ್ದಳು. ಮೊತ್ತ ನೋಡಿ ಕುಣಿಯುವವರು ಸರಾಸರಿಯನ್ನೂ ಒಮ್ಮೆ ನೋಡಲಿ. ಹಾಗೆಂದು ಹೊಸಬಳೊಬ್ಬಳು ಬಂದ ವರ್ಷವೇ 19.2 ಅಂಕ, 8.4 ಅಸಿಸ್ಟ್, 5.7 ರೀಬೌಂಡ್ ಸರಾಸರಿ ಇಟ್ಟಳು ಎಂಬುದು ಸಣ್ಣ ಮಾತಲ್ಲ. 67 ಮತಗಳಲ್ಲಿ 66 ಪಡೆದು ವರ್ಷದ ಹೊಸ ಆಟಗಾರ್ತಿಯಾದಳು. 2008ರಲ್ಲಿ ಕ್ಯಾಂಡೇಸ್ ಪಾರ್ಕರ್ ಆದ ಮೇಲೆ ಲೀಗಿನ ಮೊದಲ ಐವರ ತಂಡಕ್ಕೆ ಆಯ್ಕೆಯಾದ ಹೊಸಬಳು ಈಕೆಯೇ.

ಈಗ ಟರ್ನೋವರ್ (ಎದುರಾಳಿಗೆ ಚೆಂಡು ಕಳೆದುಕೊಳ್ಳುವ) ಮಾತು. ಚೊಚ್ಚಲ ಆಟ 2024ರ ಮೇ 14ರಂದು, ಕನೆಕ್ಟಿಕಟ್ ಸನ್ ಎದುರು. 20 ಅಂಕ ಗಳಿಸಿದಳು, ಹತ್ತು ಸಲ ಚೆಂಡು ಕಳೆದುಕೊಂಡಳು. ತಂಡ 71–92ರಿಂದ ಸೋತಿತು. ಋತು ಮುಗಿದಾಗ ಅಸಿಸ್ಟ್ ಪಟ್ಟಿಯಂತೆಯೇ ಟರ್ನೋವರ್ ಪಟ್ಟಿಯಲ್ಲೂ ಲೀಗಿನ ದಾಖಲೆ ಆಕೆಯದೇ: 223. ಟೀಕಾಕಾರರು ಇದನ್ನು ಹಿಡಿದು ಜಗ್ಗುತ್ತಾರೆ, ಅಭಿಮಾನಿಗಳು ಮುಚ್ಚಿಡುತ್ತಾರೆ. ನನಗೆ ಈ ಎರಡು ಪಟ್ಟಿಗಳೂ ಒಂದೇ ಖಾತೆಯ ಜಮಾ–ಖರ್ಚಿನಂತೆ ಕಾಣುತ್ತವೆ. ಕ್ರಿಕೆಟ್ಟಿನಲ್ಲಿ ಸ್ಲಿಪ್ ಕ್ಯಾಚ್ ಬಿಡುವವನೂ ಸ್ಲಿಪ್‌ನಲ್ಲಿ ನಿಂತವನೇ ತಾನೆ? ಪಕ್ಕದವಳಿಗೆ ಚೆಂಡು ದಾಟಿಸಿ ಸುಮ್ಮನಿರುವ ಗಾರ್ಡಿಗೆ ಟರ್ನೋವರ್ ಕಮ್ಮಿ. ಆಟವೂ ಅಲ್ಲೇ ನಿಂತಿರುತ್ತದೆ.

ಹಾಗೆಂದು ಎಲ್ಲ ತಪ್ಪನ್ನೂ ಧೈರ್ಯದ ಲೆಕ್ಕಕ್ಕೆ ಬರೆಯಲಾರೆ. ಇಬ್ಬರ ನಡುವೆ ಸಿಕ್ಕಿಬಿದ್ದಾಗ ಗಾಳಿಯಲ್ಲಿ ಎದ್ದಮೇಲೆ ಯಾರಿಗೆ ಕೊಡಲಿ ಎಂದು ಯೋಚಿಸುವ ಅಭ್ಯಾಸ ಆಕೆಗಿದೆ. ಅಲ್ಲಿ ಕಳೆದುಕೊಂಡ ಚೆಂಡು ಬರೀ ಅವಸರದ ಫಲ. ಫೌಲ್ ಸಿಗಲಿಲ್ಲವೆಂದು ರೆಫರಿಯ ಕಡೆ ಕೈಚೆಲ್ಲಿ ನಿಲ್ಲುವಾಗ ಎದುರಾಳಿ ಆ ತುದಿಯಲ್ಲಿ ಅಂಕ ಹಾಕಿರುತ್ತದೆ. ಡಿಫೆನ್ಸ್ ಅಂತೂ ಸಾಧಾರಣ. ಬಲವಾದ ಗಾರ್ಡುಗಳು ಆಕೆಯನ್ನೇ ಹುಡುಕಿಕೊಂಡು ಬಂದು ಭುಜ ಕೊಟ್ಟು ನುಗ್ಗುತ್ತಾರೆ.

ಕಲಿಯುವ ಬುದ್ಧಿ ಮಾತ್ರ ಇದೆ. 2024ರಲ್ಲಿ ಫೀವರ್ ಮೊದಲ ಒಂಬತ್ತು ಆಟಗಳಲ್ಲಿ ಗೆದ್ದದ್ದು ಒಂದೇ. ಪ್ಯಾರಿಸ್ ಒಲಿಂಪಿಕ್ಸ್ ತಂಡದಲ್ಲಿ ಕ್ಲಾರ್ಕ್‌ಗೆ ಜಾಗ ಸಿಗಲಿಲ್ಲ, ಅಭಿಮಾನಿಗಳು ಹುಯಿಲೆಬ್ಬಿಸಿದರು. ಆದರೆ ಕಾಲೇಜು ಫೈನಲ್ ಮುಗಿದ ಬೆನ್ನಿಗೇ ವೃತ್ತಿಪರ ಅಂಕಣಕ್ಕೆ ಬಿದ್ದವಳಿಗೆ ಒಲಿಂಪಿಕ್ಸ್‌ಗಾಗಿ ಲೀಗ್ ನಿಂತಾಗ ಸಿಕ್ಕ ಬಿಡುವು ವರವಾಯಿತು. ಬಿಡುವಿಗೆ ಮೊದಲು 11 ಗೆಲುವು, 15 ಸೋಲು. ಆಮೇಲಿನ 14ರಲ್ಲಿ ಒಂಬತ್ತು ಗೆಲುವು. 2016ರ ಬಳಿಕ ಮೊದಲ ಬಾರಿಗೆ ತಂಡ ಪ್ಲೇಆಫ್ ಮುಟ್ಟಿತು. ಅಲ್ಲಿ ಸನ್ ಎದುರು 0–2ರಿಂದ ಸೋತು ಮನೆಗೆ ಹೋಯಿತು.

ಆಟದ ಆಚೆಗಿನ ಗದ್ದಲದ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ, ಆದರೆ ಬಿಟ್ಟರೆ ಅಪ್ರಾಮಾಣಿಕತೆಯಾದೀತು. 2024ರ ಕಾಲೇಜು ಫೈನಲ್‌ನಲ್ಲಿ ಅಯೋವಾ 75–87ರಿಂದ ಸೌತ್ ಕ್ಯಾರೊಲೈನಾಗೆ ಸೋತರೂ ಆ ಆಟ ನೋಡಿದವರ ಸಂಖ್ಯೆ ಮೊದಲ ಬಾರಿಗೆ ಪುರುಷರ ಫೈನಲ್ ಅನ್ನು ಮೀರಿತು. ಫೀವರ್ ತವರು ಅಂಕಣದಲ್ಲಿ 4 ಸಾವಿರದಷ್ಟಿದ್ದ ಪ್ರೇಕ್ಷಕರ ಸರಾಸರಿ ಒಂದೇ ವರ್ಷದಲ್ಲಿ 17 ಸಾವಿರಕ್ಕೆ ಏರಿತು. ಜನರ ಜೊತೆಗೆ ಜಗಳವೂ ಬಂತು. ಎದುರಾಳಿ ಆಟಗಾರ್ತಿ ಏಂಜೆಲ್ ರೀಸ್ ಜೊತೆಗಿನ ಪೈಪೋಟಿಗೆ ಕಪ್ಪು–ಬಿಳುಪಿನ ಬಣ್ಣ ಬಳಿದು ಬಡಿದಾಡಿದವರಲ್ಲಿ ಎಷ್ಟು ಮಂದಿ ಒಂದು ಇಡೀ ಆಟ ನೋಡಿದ್ದರೋ. ಬಿಳಿಯಳಾಗಿ ತನಗೆ ಸಿಕ್ಕ ಅನುಕೂಲವನ್ನು ಕ್ಲಾರ್ಕ್ ತಾನೇ ಬಾಯಿಬಿಟ್ಟು ಒಪ್ಪಿಕೊಂಡಿದ್ದಾಳೆ. ಅದೇ 2024ರಲ್ಲಿ ಒಂದು ಋತುವಿಗೆ 1,021 ಅಂಕ ಗಳಿಸಿ, ಒಂದು ಮತವೂ ಬೇರೆ ಕಡೆ ಹೋಗದಂತೆ ಶ್ರೇಷ್ಠ ಆಟಗಾರ್ತಿಯಾದ ಏಜಾ ವಿಲ್ಸನ್‌ಗೆ ಕ್ಲಾರ್ಕ್‌ಗೆ ಸಿಕ್ಕ ಸದ್ದಿನ ಅರ್ಧವೂ ದಕ್ಕಲಿಲ್ಲ. ಈ ಅನ್ಯಾಯಕ್ಕೆ ಕ್ಲಾರ್ಕ್‌ಳನ್ನು ದೂರುವುದೂ ತಪ್ಪು, ಅನ್ಯಾಯವೇ ಇಲ್ಲವೆನ್ನುವುದೂ ತಪ್ಪು.

2025 ಗಾಯದ ವರ್ಷ. ತೊಡೆಯ ಸ್ನಾಯು ಎಳೆದು ಕೂತವಳು ಜೂನ್ 14ರಂದು ಮರಳಿದಾಗ ಎದುರಿಗಿದ್ದದ್ದು ಅದುವರೆಗೆ ಸೋಲೇ ಕಾಣದ ನ್ಯೂಯಾರ್ಕ್ ಲಿಬರ್ಟಿ. ಮೊದಲ ಕ್ವಾರ್ಟರಿನಲ್ಲಿ 38 ಸೆಕೆಂಡುಗಳೊಳಗೆ ಮೂರು ತ್ರೀ. ಒಟ್ಟು 32 ಅಂಕ, ತಂಡಕ್ಕೆ 102–88ರ ಗೆಲುವು. ಆ ಋತುವಿನಲ್ಲಿ ಆಕೆ ಆಡಿದ್ದು 13 ಆಟ ಮಾತ್ರ. ಮೂರಂಕದ ಶಾಟುಗಳು ನೂರಕ್ಕೆ 28ರಂತೆಯೂ ಬೀಳಲಿಲ್ಲ. ಅಸಿಸ್ಟ್ ಮಾತ್ರ ಆಟಕ್ಕೆ 8.8ಕ್ಕೆ ಏರಿತ್ತು. ಶಾಟ್ ಕೈಕೊಟ್ಟ ವರ್ಷದಲ್ಲೂ ಪಾಸ್ ಮಂಕಾಗಲಿಲ್ಲ. ಆಕೆಯಿಲ್ಲದ ಫೀವರ್ ಸೆಮಿಫೈನಲ್‌ಗೆ ಹೋಗಿ, ಲಾಸ್ ವೇಗಸ್ ಏಸಸ್ ತಂಡವನ್ನು ಐದನೆಯ ಆಟದ ಹೆಚ್ಚುವರಿ ಅವಧಿಯವರೆಗೆ ಎಳೆದು ಸೋತಿತು. ಹಾಗಾದರೆ ಆಕೆ ಬೇಡವೇ ಎಂದು ಕೆಲವರು ಕೇಳಿದರು. ಒಂದೊಂದು ಪೊಸೆಷನ್ನಿಗೂ ಏದುಸಿರು ಬಿಡುತ್ತಿದ್ದ ಆ ತಂಡವನ್ನು ನೋಡಿದ್ದರೆ ಕೇಳುತ್ತಿರಲಿಲ್ಲ.

ಆ ವರ್ಷ ಆಕೆ ಕೊನೆಯದಾಗಿ ಆಡಿದ್ದು ಜುಲೈ 15ರಂದು, ಬಾಸ್ಟನ್ ನಗರದಲ್ಲಿ, ಮತ್ತೆ ಅದೇ ಕನೆಕ್ಟಿಕಟ್ ಸನ್ ಎದುರು. ಆಟ ಗೆದ್ದಂತೆಯೇ ಆಗಿತ್ತು, ಒಂದು ನಿಮಿಷವೂ ಉಳಿದಿರಲಿಲ್ಲ. ರಿಂಗಿನತ್ತ ನುಗ್ಗುತ್ತಿದ್ದ ಕೆಲ್ಸಿ ಮಿಚೆಲ್‌ಗೆ ಚೆಂಡು ದಾಟಿಸಿದಳು, ಮಿಚೆಲ್ ಲೇಅಪ್ ಹಾಕಿದಳು. ಕ್ಲಾರ್ಕ್ ಬಲತೊಡೆಯ ಸಂದು ಹಿಡಿದುಕೊಂಡು ನಿಧಾನಕ್ಕೆ ನಡೆದು ಹೋಗಿ, ಬ್ಯಾಸ್ಕೆಟ್ ಕಂಬಕ್ಕೆ ಸುತ್ತಿದ ಮೆತ್ತೆಗೆ ಹಣೆ ಚಚ್ಚಿಕೊಂಡಳು.