ಕ್ವೀನ್ಸ್ ತಂಡದ ೧೮೯೫ರ ಋತು: ಒಂದು ಸೋಲಿನ ಪುನರ್ವಿಮರ್ಶೆ

ಆಟಗಳ ಚರಿತ್ರೆಯನ್ನು ಬರೆಯುವವರು ಅಂಕಿಗಳನ್ನೇ ಪರಮ ಪ್ರಮಾಣವೆಂದು ಭಾವಿಸುವುದು ಸಹಜ. ವರ್ಣನೆಯಲ್ಲಿ ಉತ್ಪ್ರೇಕ್ಷೆಗೆ ಎಡೆಯುಂಟು. ಗೋಲುಗಳ ಎಣಿಕೆಯಲ್ಲಿ ಇಲ್ಲ. ಆದರೆ ಅಂಕಿಯು ಫಲವನ್ನು ತಿಳಿಸುತ್ತದೆಯೇ ಹೊರತು, ಆ ಫಲಕ್ಕೆ ಅರ್ಥವನ್ನು ಕೊಟ್ಟ ನಿಯಮವನ್ನು ತಿಳಿಸುವುದಿಲ್ಲ. ಕೆನಡಾ ದೇಶದ ಕಿಂಗ್‌ಸ್ಟನ್ ನಗರದಲ್ಲಿರುವ ಕ್ವೀನ್ಸ್ ವಿಶ್ವವಿದ್ಯಾನಿಲಯದ ಐಸ್ ಹಾಕಿ ತಂಡವು ೧೮೯೫ನೆಯ ಇಸವಿ ಮಾರ್ಚ್ ೯ರಂದು ಮಾಂಟ್ರಿಯಲ್ ನಗರದಲ್ಲಿ ಐದಕ್ಕೆ ಒಂದು ಗೋಲಿನಿಂದ ಸೋತಿತು. ಸ್ಟ್ಯಾನ್ಲಿ ಕಪ್ಪಿನ ಚರಿತ್ರೆಗಳಲ್ಲಿ ಈ ಪಂದ್ಯಕ್ಕೆ ಸಾಮಾನ್ಯವಾಗಿ ದೊರೆಯುವುದು ಒಂದೆರಡು ವಾಕ್ಯಗಳ ಸ್ಥಳ ಮಾತ್ರ. ಆ ವಾಕ್ಯಗಳು ಸುಳ್ಳಲ್ಲ. ಆದರೆ ಅಪೂರ್ಣವೆಂಬುದು ನಮ್ಮ ಅಭಿಪ್ರಾಯ.

ಮೊದಲು ಆಟದ ಅಂದಿನ ಸ್ವರೂಪವನ್ನು ಗಮನಿಸಬೇಕು. ನಮ್ಮಲ್ಲಿ ಹಾಕಿಯೆಂದರೆ ಹುಲ್ಲಿನ ಮೈದಾನದ ಆಟ. ಇಲ್ಲಿ ಹೇಳುತ್ತಿರುವುದು ಕಾಲಿಗೆ ಸ್ಕೇಟುಗಳನ್ನು ಕಟ್ಟಿಕೊಂಡು, ಪಕ್ ಎಂಬ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆಯುತ್ತ, ಮಂಜುಗಡ್ಡೆಯ ಮೇಲೆ ಆಡುವ ಆಟ. ಮಾಂಟ್ರಿಯಲ್‌ನ ವಿಕ್ಟೋರಿಯಾ ರಿಂಕಿನಲ್ಲಿ, ೧೮೭೫ನೆಯ ಮಾರ್ಚ್ ೩ರಂದು, ಪಕ್ಷವೊಂದಕ್ಕೆ ಒಂಬತ್ತು ಮಂದಿಯಂತೆ ಆಡಿದ ಪಂದ್ಯದಿಂದ ಇದರ ವ್ಯವಸ್ಥಿತ ಚರಿತ್ರೆಯನ್ನು ಎಣಿಸುವುದು ರೂಢಿ. ಮಕ್‌ಗಿಲ್ ವಿಶ್ವವಿದ್ಯಾನಿಲಯದ ತಂಡ ಹುಟ್ಟಿದ್ದು ೧೮೭೭ರಲ್ಲಿ. ಕ್ವೀನ್ಸ್ ವಿದ್ಯಾರ್ಥಿಗಳು ೧೮೮೬ರಲ್ಲಿ ಅದೇ ಊರಿನ ರಾಯಲ್ ಮಿಲಿಟರಿ ಕಾಲೇಜಿನ ಕೆಡೆಟ್‌ಗಳನ್ನು ಒಂದು ಗೋಲಿನಿಂದ ಸೋಲಿಸಿದರು. ೧೮೯೫ರ ವೇಳೆಗೆ ಆಟಗಾರರ ಸಂಖ್ಯೆ ಏಳಕ್ಕೆ ಇಳಿದಿತ್ತು. ತನಗಿಂತ ಮುಂದಿರುವ ಜೊತೆಗಾರನಿಗೆ ಪಕ್ಕನ್ನು ದಾಟಿಸಲು ನಿಯಮವು ಅವಕಾಶವನ್ನೀಯುತ್ತಿರಲಿಲ್ಲ. ಮಂಜು ನಿಸರ್ಗವು ಕೊಟ್ಟಷ್ಟೇ. ಆದುದರಿಂದ ಋತುವೆಂದರೆ ಜನವರಿಯಿಂದ ಮಾರ್ಚಿಯವರೆಗಿನ ಕೆಲವೇ ವಾರಗಳು. ಆ ವಾರಗಳಲ್ಲಿ ಕ್ವೀನ್ಸ್ ತಂಡವು ಆಂಟೇರಿಯೊ ಪ್ರಾಂತದ ಅಗ್ರಸ್ಥಾನವನ್ನು ಗಳಿಸಿತು. ಮಾಂಟ್ರಿಯಲ್‌ಗೆ ಹೋಗುವ ಅರ್ಹತೆ ಅದಕ್ಕೆ ಬಂದದ್ದು ಹೀಗೆ.

ಕಪ್ಪಿನ ವಿಚಾರ ಇನ್ನೂ ಮುಖ್ಯವಾದುದು. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿಯು ೧೮೯೨ರಲ್ಲಿ ಇದನ್ನು ಘೋಷಿಸಿ, ಸ್ವೀಟ್‌ಲ್ಯಾಂಡ್ ಮತ್ತು ರಾಸ್ ಎಂಬ ಇಬ್ಬರು ಧರ್ಮದರ್ಶಿಗಳ ವಶಕ್ಕೆ ಒಪ್ಪಿಸಿದನು. ಇದು ಸವಾಲಿನ ಕಪ್ಪು. ಪ್ರಾಂತದ ಸಂಘಗಳಲ್ಲಿ ಗೆದ್ದ ತಂಡವು ಕಪ್ಪನ್ನು ಹಿಡಿದವರಿಗೆ ಸವಾಲು ಹಾಕಬಹುದು. ಇತ್ತ ಕಪ್ಪನ್ನು ಹಿಡಿದ ತಂಡವು ತನ್ನ ಲೀಗಿನಲ್ಲಿ ಅಗ್ರಸ್ಥಾನವನ್ನು ಕಳೆದುಕೊಂಡರೆ ಕಪ್ಪು ಹೊಸ ಅಗ್ರಗಣ್ಯರಿಗೆ ಹೋಗುತ್ತದೆ. ಹೀಗೆ ಎರಡು ತತ್ತ್ವಗಳು ಒಂದೇ ಬೆಳ್ಳಿಯ ಪಾತ್ರೆಯಲ್ಲಿ ಸೇರಿಕೊಂಡವು: ಒಂದು ಲೀಗಿನ ಹಕ್ಕು, ಮತ್ತೊಂದು ಹೊರಗಿನವನ ಹಕ್ಕು. ಇವೆರಡೂ ಒಂದಕ್ಕೊಂದು ಅಡ್ಡ ಬಂದರೆ ಗತಿಯೇನು? ಇದಕ್ಕೆ ಉತ್ತರವಿಲ್ಲದೆಯೇ ಮೊದಲ ವರ್ಷಗಳು ಸಾಗಿದವು.

ಉತ್ತರವನ್ನು ಹುಡುಕಲೇಬೇಕಾದ ಸಂದರ್ಭವನ್ನು ತಂದವರು ಕ್ವೀನ್ಸ್ ವಿದ್ಯಾರ್ಥಿಗಳು. ಹಿಂದಿನ ವರ್ಷ ಕಪ್ಪನ್ನು ಗೆದ್ದಿದ್ದ ಮಾಂಟ್ರಿಯಲ್ ತಂಡದ ವಿರುದ್ಧ ಅವರ ಸವಾಲನ್ನು ಧರ್ಮದರ್ಶಿಗಳು ಆಗಲೇ ಅಂಗೀಕರಿಸಿದ್ದರು. ಅಷ್ಟರಲ್ಲಿ ಲೀಗಿನ ಅಗ್ರಸ್ಥಾನವು ಅದೇ ನಗರದ ವಿಕ್ಟೋರಿಯಾಸ್ ತಂಡದ ಪಾಲಾಯಿತು. ಧರ್ಮದರ್ಶಿಗಳು ಕೊಟ್ಟ ಮಾತನ್ನು ಹಿಂತೆಗೆಯಲಿಲ್ಲ. ಮಾಂಟ್ರಿಯಲ್ ತಂಡ ಗೆದ್ದರೆ ಕಪ್ಪು ವಿಕ್ಟೋರಿಯಾಸ್‌ಗೆ, ಕ್ವೀನ್ಸ್ ಗೆದ್ದರೆ ಕ್ವೀನ್ಸ್‌ಗೆ ಎಂದು ತೀರ್ಮಾನವಾಯಿತು. ಎಂದರೆ ಒಂದು ತಂಡವು ತನ್ನ ಪ್ರತಿಸ್ಪರ್ಧಿಗೆ ಕಪ್ಪನ್ನು ಗಳಿಸಿಕೊಡಲು ಆಡಿತು; ಕಪ್ಪನ್ನು ಪಡೆದ ತಂಡವು ಆ ದಿನ ಆಡಲೇ ಇಲ್ಲ; ಸೋತವರು ಮಾತ್ರ ತಮಗಾಗಿ ಆಡಿದರು.

ಈ ಘಟನೆಯನ್ನು ಎರಡು ಬಗೆಯಾಗಿ ನೋಡುವುದುಂಟು. ಇದೊಂದು ಹಾಸ್ಯಾಸ್ಪದವಾದ ಗೊಂದಲ, ಆಟದ ಶೈಶವದ ತೊದಲು ಎಂಬುದು ಒಂದು ಮತ. ಇದು ಸಾಧುವಲ್ಲ. ಅಂಗೀಕರಿಸಿದ ಸವಾಲನ್ನು ಮಧ್ಯದಲ್ಲಿ ರದ್ದು ಮಾಡಿದ್ದರೆ ಹೊರಗಿನವನ ಹಕ್ಕು ಹೆಸರಿಗೆ ಮಾತ್ರ ಉಳಿಯುತ್ತಿತ್ತು. ಲೀಗಿನ ಫಲವನ್ನು ಕಡೆಗಣಿಸಿದ್ದರೆ ವಿಕ್ಟೋರಿಯಾಸ್‌ಗೆ ಅನ್ಯಾಯವಾಗುತ್ತಿತ್ತು. ತೀರ್ಮಾನವು ವಿಚಿತ್ರವಾದರೂ ಎರಡು ಹಕ್ಕುಗಳನ್ನೂ ಉಳಿಸಿತು. ವಿದ್ಯಾರ್ಥಿಗಳಿಗೆ ಮೋಸವಾಯಿತೆಂಬುದು ಎರಡನೆಯ ಮತ. ಇದೂ ನಿಲ್ಲದು. ಎದುರಾಳಿಗೆ ಸ್ವಂತ ಲಾಭವಿಲ್ಲದ ಪಂದ್ಯವು ಸವಾಲು ಹಾಕಿದವನಿಗೆ ಅನುಕೂಲವೇ ಆಗಬೇಕಷ್ಟೆ. ಮೈದಾನದಲ್ಲಿ ಮಾಂಟ್ರಿಯಲ್ ಮೇಲುಗೈಯಾಗಿತ್ತೆಂಬುದನ್ನು ಐದಕ್ಕೆ ಒಂದೆಂಬ ಅಂಕಿಯು ಸ್ಪಷ್ಟವಾಗಿ ಸಾರುತ್ತದೆ. ಅಂಕಿಯ ಅಧಿಕಾರವನ್ನು ಇಷ್ಟರ ಮಟ್ಟಿಗೆ ನಾವೂ ಒಪ್ಪಬೇಕು.

ಕಾಲೇಜಿನ ಅಭಿಮಾನಿಗಳು ಉತ್ತರಿಸಬೇಕಾದ ಪ್ರಶ್ನೆಯೂ ಒಂದುಂಟು. ಆ ತಂಡದ ಪ್ರಮುಖ ಆಟಗಾರನಾದ ಗೈ ಕರ್ಟಿಸನು ೧೮೯೦ರ ದಶಕದ ಬಹುಭಾಗವನ್ನು ಕ್ವೀನ್ಸ್ ವಿದ್ಯಾರ್ಥಿಯಾಗಿಯೇ ಕಳೆದನು. ಹಾಕಿಯಲ್ಲಿಯೂ ಫುಟ್‌ಬಾಲಿನಲ್ಲಿಯೂ ಹೆಸರು ಗಳಿಸಿದನು. ಓದಿಗಾಗಿ ಆಟವೊ, ಆಟಕ್ಕಾಗಿ ಓದೊ? ವಿದ್ಯಾರ್ಥಿಯೆಂಬ ಹೆಸರಿಗೆ ಇಷ್ಟು ದೀರ್ಘವಾದ ಹಿಗ್ಗುವಿಕೆ ಸಲ್ಲದೆಂದು ಇಂದಿನ ಅಧ್ಯಾಪಕರು ಹೇಳಿದರೆ ಆಶ್ಚರ್ಯವಿಲ್ಲ. ಆದರೆ ಈ ದೋಷವನ್ನು ಒಬ್ಬ ವ್ಯಕ್ತಿಯ ಮೇಲೆ ಹೊರಿಸಿ ಸುಮ್ಮನಾಗುವುದು ವಿಮರ್ಶೆಯಲ್ಲ. ನಗರದ ಕ್ಲಬ್ಬುಗಳು ತಮ್ಮ ಆಟಗಾರರನ್ನು ವರ್ಷಾನುವರ್ಷ ಉಳಿಸಿಕೊಳ್ಳುತ್ತಿದ್ದವು. ಕಾಲೇಜಾದರೊ ಪದವಿಯೊಡನೆ ತನ್ನವರನ್ನು ಕಳುಹಿಸಿಕೊಡಬೇಕಾಗಿತ್ತು. ಪ್ರತಿಯೊಂದು ಋತುವಿನಲ್ಲಿಯೂ ಮೊದಲಿನಿಂದ ಕಟ್ಟಬೇಕಾದ ತಂಡವು ಕ್ಲಬ್ಬುಗಳಿಗೆ ಸಮನಾಗಿ ನಿಲ್ಲಲು ಬಯಸಿದಾಗ ಇಂಥ ಪ್ರಲೋಭನವು ಹುಟ್ಟುತ್ತದೆ. ಕ್ರೀಡೆಯ ಕೀರ್ತಿಯನ್ನು ಬಯಸುವ ಎಲ್ಲ ವಿದ್ಯಾಸಂಸ್ಥೆಗಳೂ ಈ ಪ್ರಶ್ನೆಯನ್ನು ಎದುರಿಸಲೇಬೇಕು.

ಮುಂದಿನ ಘಟನೆಗಳು ಈ ಋತುವಿನ ಬೆಲೆಯನ್ನು ತಿಳಿಸುತ್ತವೆ. ೧೮೯೬ನೆಯ ಫೆಬ್ರವರಿ ೧೪ರಂದು ದೂರದ ವಿನ್ನಿಪೆಗ್ ನಗರದ ತಂಡವು ಸವಾಲಿನ ದಾರಿಯಲ್ಲಿಯೇ ಬಂದು, ಎರಡು ಗೋಲುಗಳಿಂದ ಕಪ್ಪನ್ನು ಗೆದ್ದುಕೊಂಡಿತು. ಕ್ವೀನ್ಸ್ ತಂಡವು ೧೮೯೯ರಲ್ಲಿಯೂ ೧೯೦೬ರಲ್ಲಿಯೂ ಮತ್ತೆ ಸವಾಲು ಹಾಕಿ ಮತ್ತೆ ಸೋತಿತು. ೧೯೦೯ರಲ್ಲಿ ಅಲನ್ ಕಪ್ಪನ್ನು, ಎಂದರೆ ಹವ್ಯಾಸಿಗಳಿಗೆಂದು ಮೀಸಲಾದ ಕಪ್ಪನ್ನು ಗೆದ್ದಿತು. ಸ್ಟ್ಯಾನ್ಲಿ ಕಪ್ಪು ಕ್ರಮೇಣ ವೃತ್ತಿಪರರ ಕೈಸೇರಿತು. ೧೯೨೭ರಿಂದೀಚೆಗೆ ಅದಕ್ಕಾಗಿ ಸೆಣಸಿದವರು ನ್ಯಾಷನಲ್ ಹಾಕಿ ಲೀಗಿನ ತಂಡಗಳು ಮಾತ್ರ. ಹೊರಗಿನವನ ಹಕ್ಕು ಅಳಿದು, ಲೀಗಿನ ಹಕ್ಕು ಉಳಿಯಿತು.

ಆದುದರಿಂದ ೧೮೯೫ರ ಕ್ವೀನ್ಸ್ ಋತುವನ್ನು ಸೋಲುಗಳ ಪಟ್ಟಿಯಲ್ಲಿ ಸೇರಿಸಿ ಮುಂದೆ ಸಾಗುವುದು ಯುಕ್ತವಲ್ಲ. ಸವಾಲಿಗೆ ಅವಕಾಶವುಂಟೆಂದು ಬರೆಹದಲ್ಲಿ ಹೇಳುವುದು ಸುಲಭ. ಸವಾಲು ಹಾಕುವವನೊಬ್ಬನು ಬಂದು ನಿಂತಾಗಲೇ ಆ ಮಾತಿನ ಸತ್ಯಾಸತ್ಯತೆ ತಿಳಿಯುವುದು. ಏಳು ಮಂದಿ ವಿದ್ಯಾರ್ಥಿಗಳು ಆ ಪರೀಕ್ಷೆಯನ್ನು ನಡೆಸಿದರು. ಪಂದ್ಯದಲ್ಲಿ ಅವರು ಸೋತರು. ನಿಯಮವು ಮಾತ್ರ ಆ ಪರೀಕ್ಷೆಯಲ್ಲಿ ಉತ್ತೀರ್ಣವಾಯಿತು. ಕಾಲೇಜಿನ ಆಟದ ಚರಿತ್ರೆಯನ್ನು ಬರೆಯುವವರು ಈ ಎರಡನ್ನೂ ಒಟ್ಟಿಗೆ ಬರೆಯಬೇಕೆಂಬುದೇ ನಮ್ಮ ವಿನಂತಿ.