ಲಘುವಾಹನದ ಔಚಿತ್ಯ

ಕಾಡುದಾರಿಗೆಂದು ವಾಹನವನ್ನು ಕೊಳ್ಳತಕ್ಕವನು ಮೊದಲು ಎಂಜಿನಿನ ಶಕ್ತಿಯನ್ನೂ ಅನಂತರ ಗಾತ್ರವನ್ನೂ ವಿಚಾರಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ದಾರಿಯ ಅಗಲವೆಷ್ಟು, ಮಣ್ಣು ಎಂಥದು, ಹೂತುಕೊಂಡಾಗ ನೂಕಲು ಎಷ್ಟು ಮಂದಿ ಸಿಕ್ಕಾರು ಎಂಬ ಪ್ರಶ್ನೆಗಳು ಹುಟ್ಟುವುದು ಮೊದಲ ಮಳೆಗಾಲ ಕಳೆದ ಮೇಲೆ. ಆಲಂಕಾರಿಕರು ಕಾವ್ಯದಲ್ಲಿ ಅರಸಿದ ಔಚಿತ್ಯವನ್ನು ಯಂತ್ರಗಳಲ್ಲಿಯೂ ಅರಸಬಹುದಾದರೆ, ಎರಡು ಟನ್ನಿಗೂ ಮಿಕ್ಕು ತೂಗುವ ಟೊಯೋಟಾ ಫಾರ್ಚೂನರಿನಂತಹ ಮಹಾವಾಹನವನ್ನು ಬಿಟ್ಟು, ಸುಮಾರು 1200 ಕಿಲೋ ತೂಕದ ಸುಜುಕಿ ಜಿಮ್ನಿಯನ್ನು ಆರಿಸಿಕೊಳ್ಳುವ ಮಲೆನಾಡಿನ ತೋಟಗಾರನ ಆಯ್ಕೆಯು ವಿಮರ್ಶೆಗೆ ಯೋಗ್ಯವಾದ ವಿಷಯವೇ ಸರಿ.

ಜಿಮ್ನಿಯ ವಂಶವು ದೀರ್ಘವಾದುದು. 1970ರಲ್ಲಿ ಜಪಾನಿನಲ್ಲಿ ಹುಟ್ಟಿದ ಮೂಲಮಾದರಿಗೆ ಇದ್ದುದು ಕೇವಲ 359 ಸಿಸಿಯ ಎಂಜಿನು. 1985ರಲ್ಲಿ ಮಾರುತಿ ಜಿಪ್ಸಿಯೆಂಬ ಹೆಸರಿನಿಂದ ಭಾರತದ ರಸ್ತೆಗಿಳಿದ ಅದರ ಸಂತತಿಗೆ 970 ಸಿಸಿ. ಅಷ್ಟು ಅಲ್ಪವಾದ ಬಲದಿಂದಲೇ ಅದು ಸೈನ್ಯದ ವಿಶ್ವಾಸವನ್ನೂ ಅಭಯಾರಣ್ಯಗಳ ಸಫಾರಿ ದಾರಿಗಳನ್ನೂ ಕೊಡಗಿನ ಕಾಫಿತೋಟಗಳನ್ನೂ ಸಂಪಾದಿಸಿಕೊಂಡಿತು. ಅದರ ಹಿಂದಿನ ಸೀಟಿನಲ್ಲಿ ಕುಳಿತು ಬೆನ್ನುಮೂಳೆಗಳನ್ನು ಒಂದೊಂದಾಗಿ ಎಣಿಸಿಕೊಂಡವರಿಗೂ ಅದರ ಮೇಲಣ ಮಮತೆ ಹೋಗಲಿಲ್ಲವೆಂಬುದು ಸೋಜಿಗ.

2023ರಲ್ಲಿ ಇಲ್ಲಿಗೆ ಬಂದ ಐದು ಬಾಗಿಲಿನ ಜಿಮ್ನಿಯು ಏಣಿಯಂತಹ ಉಕ್ಕಿನ ಚಾಸಿ, ಹಿಂದೆಯೂ ಮುಂದೆಯೂ ಇಡಿಯಾದ ಆಕ್ಸಲು, ಕೈಯಿಂದಲೇ ಹಾಕತಕ್ಕ ಲೋ ಗೇರು ಎಂಬ ಹಳೆಯ ಏರ್ಪಾಟನ್ನು ಕೈಬಿಟ್ಟಿಲ್ಲ. ಇಡಿಯಾದ ಆಕ್ಸಲಿನ ಒಂದು ಚಕ್ರವು ಬಂಡೆಯನ್ನೇರಿದರೆ ಮತ್ತೊಂದು ಕೆಳಕ್ಕೆ ಒತ್ತಲ್ಪಟ್ಟು ನೆಲವನ್ನು ಹಿಡಿಯುತ್ತದೆ. ಡಾಂಬರು ರಸ್ತೆಯ ವೇಗದಲ್ಲಿ ಮಾತ್ರ ಇದೇ ಗುಣವು ದೋಷವಾಗಿ ಪರಿಣಮಿಸಿ, ಹೊಂಡದಿಂದ ಹೊಂಡಕ್ಕೆ ಮೈಯೆಲ್ಲ ತೊನೆದಾಡುತ್ತದೆ. ತೂಕವು ನೆಲದ ಮೇಲೆ ಹಿಡಿತವನ್ನು ಕೊಡುತ್ತದೆಂಬ ವಾದವು ಸುಳ್ಳಲ್ಲ. ಆದರೆ ಹಾಗೆ ಹೆಚ್ಚಾದ ಹಿಡಿತವೆಲ್ಲ ಹೆಚ್ಚಾದ ಆ ತೂಕವನ್ನು ಎಳೆಯುವುದರಲ್ಲಿಯೇ ವ್ಯಯವಾಗುವುದರಿಂದ, ಭಾರವಾಹನದ ಪ್ರಚಂಡ ಶಕ್ತಿಯ ಬಹುಭಾಗವು ತನ್ನ ದೇಹವೇ ತಂದೊಡ್ಡಿದ ಕಷ್ಟವನ್ನು ನಿವಾರಿಸಿಕೊಳ್ಳಲು ಖರ್ಚಾಗುತ್ತದೆಂಬುದನ್ನು ಅದರ ಭಕ್ತರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಗುಂಬೆಯ ಸುತ್ತಿನಂತೆ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಸೀಮೆಯಲ್ಲಿ, ಒಂದು ಮಗ್ಗುಲಿಗೆ ಧರೆಯೂ ಇನ್ನೊಂದಕ್ಕೆ ಅಗಳೂ ಇರುವ ತೋಟದ ದಾರಿಯನ್ನು ನೆನೆದುಕೊಂಡರೆ ಈ ಮಾತು ಸ್ಪಷ್ಟವಾದೀತು. ಜಿಮ್ನಿಯ ಅಗಲ 1645 ಮಿಲಿಮೀಟರು, ಫಾರ್ಚೂನರಿನದು 1855. ನಡುವಣ ಗೇಣಗಲವೇ ಜುಲೈ ತಿಂಗಳಲ್ಲಿ ಚಕ್ರವು ದಾರಿಯ ಮೇಲಿರುವುದೋ ನೆನೆದು ಸಡಿಲಾದ ಅಗಳಿನ ಅಂಚಿನ ಮೇಲಿರುವುದೋ ಎಂಬುದನ್ನು ನಿರ್ಣಯಿಸತಕ್ಕದ್ದು. ಹೂತುಹೋದ ಹಗುರ ವಾಹನವನ್ನು ನಾಲ್ಕು ಆಳುಗಳು ಹಲಗೆ ಕೊಟ್ಟು ನೂಕಿ ಮೇಲೆ ತಂದಾರು; ಭಾರವಾದುದಕ್ಕೆ ಟ್ರ್ಯಾಕ್ಟರು ಬರಬೇಕು, ಆ ಟ್ರ್ಯಾಕ್ಟರು ಬರುವುದಕ್ಕೂ ಅದೇ ದಾರಿಯೇ ಗತಿ.

ಲಘುತ್ವದ ಸಾಮರ್ಥ್ಯಕ್ಕೆ ಜಗತ್ತಿನ ದೊಡ್ಡ ಸಾಕ್ಷ್ಯವೇನೆಂದರೆ, 2007ರಲ್ಲಿ ಚಿಲಿ ದೇಶದ ಇಬ್ಬರು ಮಾರ್ಪಡಿಸಿದ ಸುಜುಕಿ ಸಮುರಾಯ್ ಗಾಡಿಯನ್ನು, ಅಂದರೆ ಜಿಪ್ಸಿಯ ಖಾಸಾ ದಾಯಾದಿಯನ್ನು, ಓಹೋಸ್ ದೆಲ್ ಸಲಾದೊ ಜ್ವಾಲಾಮುಖಿಯ ಮೇಲೆ 6688 ಮೀಟರಿನವರೆಗೆ ಏರಿಸಿದ್ದು. ಅನಂತರ ಯೂನಿಮಾಗ್ ಎಂಬ ದೈತ್ಯ ಲಾರಿಯು ಆ ದಾಖಲೆಯನ್ನು ಮೀರಿತು, ನಿಜ. ಆದರೆ ಮೀರಿದ್ದು ಕೇವಲ ಕೆಲವು ಮೀಟರುಗಳಿಂದ.

ಇಷ್ಟಾದರೂ ಜಿಮ್ನಿಯನ್ನು ನಿರ್ದುಷ್ಟವೆನ್ನಲಾಗದು. ಸೀಟುಗಳನ್ನು ಮಡಿಸದಿದ್ದರೆ ಹಿಂದೆ ಉಳಿಯುವುದು 208 ಲೀಟರಿನ ಸ್ಥಳ. ಕಾಫಿಮೂಟೆಯ ಮಾತು ಹಾಗಿರಲಿ, ನಾಲ್ವರು ಮದುವೆಗೆ ಹೊರಟರೆ ಪೆಟ್ಟಿಗೆಗಳಿಗೇ ಎಡೆಯಿಲ್ಲ. ಡೀಸೆಲ್ ಎಂಜಿನಿಲ್ಲ. ಡಿಫರೆನ್ಷಿಯಲ್ ಲಾಕಿನ ಬದಲು ಬರಿದೆ ತಿರುಗುವ ಚಕ್ರವನ್ನು ಬ್ರೇಕಿನಿಂದ ಹಿಡಿದು ಶಕ್ತಿಯನ್ನು ಎದುರು ಚಕ್ರಕ್ಕೆ ದಾಟಿಸುವ ಉಪಾಯವಿರುವುದರಿಂದ, ಚಕ್ರವು ಮೊದಲು ಒಂದಿಷ್ಟು ಜಾರಿದ ಮೇಲೆಯೇ ನೆರವು ಒದಗುತ್ತದೆ. ಆ ಕ್ಷಣದಲ್ಲಿ ಹೆದರಿ ಆಕ್ಸಿಲರೇಟರಿನಿಂದ ಕಾಲೆತ್ತಿದವನು ಅಲ್ಲಿಯೇ ನಿಂತನೆಂದು ತಿಳಿಯಬೇಕು. ಭಾರವನ್ನು ಹೊತ್ತು ಘಟ್ಟವನ್ನೇರುವುದೂ ದಿನವೆಲ್ಲ ಹೆದ್ದಾರಿಯಲ್ಲಿ ಓಡುವುದೂ ಯಾರ ನಿತ್ಯದ ಕೆಲಸವೋ ಅವರು ಮಹಾವಾಹನವನ್ನೇ ಕೊಳ್ಳಲಿ, ಅದರಲ್ಲಿ ಅನೌಚಿತ್ಯವೇನೂ ಇಲ್ಲ.

ನನ್ನ ಆಕ್ಷೇಪಣೆ ಬೇರೆಯದು. ಸಂಸಾರಸ್ಥರನ್ನು ಒಲಿಸಿಕೊಳ್ಳಲೆಂದು ಐದು ಬಾಗಿಲುಗಳನ್ನಿಟ್ಟು ಗಾಲಿಗಳ ನಡುವಣ ಅಂತರವನ್ನು 2590 ಮಿಲಿಮೀಟರಿಗೆ ಹಿಗ್ಗಿಸಿದ್ದರಿಂದ, ದಿಬ್ಬದ ನೆತ್ತಿಯನ್ನು ಹೊಟ್ಟೆ ತಗಲದೆ ದಾಟುವ ಕೋನವು 28 ಡಿಗ್ರಿಯಿಂದ 24ಕ್ಕೆ ಇಳಿಯಿತು, ತಿರುವಿನ ಸುತ್ತು ದೊಡ್ಡದಾಯಿತು, ಇಷ್ಟಾಗಿಯೂ ಸಂಸಾರಕ್ಕೆ ಸಾಕಾಗುವಷ್ಟು ಎಡೆ ದೊರೆಯಲಿಲ್ಲ. ನಮ್ಮ ತೋಟದ ದಾರಿಗಳಿಗೆ ಹೇಳಿ ಮಾಡಿಸಿದಂತಿರುವ ಮೂರು ಬಾಗಿಲಿನ ಜಿಮ್ನಿಯನ್ನು ಮಾರುತಿಯವರು ಗುರುಗ್ರಾಮದಲ್ಲಿಯೇ ತಯಾರಿಸಿ 2021ರಿಂದ ಹೊರದೇಶಗಳಿಗೆ ಹಡಗಿನಲ್ಲಿ ಕಳುಹಿಸತೊಡಗಿದರು. ಇಲ್ಲಿಯ ಗಿರಾಕಿಗೆ ಮಾತ್ರ ಅದನ್ನು ಮಾರಲಿಲ್ಲ.