ಸ್ಕ್ಯೂಸ್ ವಕೀಲರ ಮುಳುಗುವ ನೊಣ

ಮೀನನ್ನು ಹೊಸ್ತಿಲೊಳಗೆ ತಾರದ ನಾನು ಮೀನು ಹಿಡಿಯುವ ಪುಸ್ತಕದ ಬಗ್ಗೆ ಬರೆಯುವುದೇ ಎಂದು ನಮ್ಮ ಮನೆಯವರು ನಕ್ಕರು. ಆದರೆ ಜಿ. ಇ. ಎಂ. ಸ್ಕ್ಯೂಸ್ ಎಂಬ ಲಂಡನ್ನಿನ ವಕೀಲರು 1910ರಲ್ಲಿ ಪ್ರಕಟಿಸಿದ ‘ಮೈನರ್ ಟ್ಯಾಕ್ಟಿಕ್ಸ್ ಆಫ್ ದಿ ಚಾಕ್ ಸ್ಟ್ರೀಮ್’ ನಮ್ಮಂಥ ಕಡತದ ಜನರೂ ಓದಬೇಕಾದ ಪುಸ್ತಕ.

ವಿಷಯ ಇಷ್ಟೆ. ದಕ್ಷಿಣ ಇಂಗ್ಲೆಂಡಿನ ತಿಳಿನೀರ ಹೊಳೆಗಳಲ್ಲಿ ಟ್ರೌಟ್ ಮೀನಿಗೆ ಗರಿ, ರೇಷ್ಮೆಗಳಿಂದ ಗಾಳಕ್ಕೆ ಕಟ್ಟಿದ ಕೃತಕ ನೊಣವನ್ನು ಎಸೆಯುತ್ತಾರೆ. 1880ರ ದಶಕದಲ್ಲಿ ಹಾಲ್‌ಫರ್ಡ್ ಎಂಬವರು ಬರೆದ ಗ್ರಂಥಗಳಿಂದಾಗಿ, ನೊಣ ತೇಲಲೇಬೇಕು ಎಂಬುದು ಅಲ್ಲಿ ಶಾಸ್ತ್ರವಾಗಿಬಿಟ್ಟಿತ್ತು. ಮುಳುಗಿಸಿದವನು ಮರ್ಯಾದಸ್ಥನೇ ಅಲ್ಲ!

ಸ್ಕ್ಯೂಸ್ ಇಚೆನ್ ನದಿಯಲ್ಲಿ ಕಣ್ಣಿಟ್ಟು ನೋಡಿದರು. ನೀರು ಉಬ್ಬುತ್ತದೆ, ಮೀನಿನ ಮೂತಿ ಹೊರಗೆ ಬರುವುದಿಲ್ಲ. ಅದು ತಿನ್ನುತ್ತಿರುವುದು ರೆಕ್ಕೆ ಬಿಚ್ಚುವ ಮೊದಲೇ ಮೇಲಕ್ಕೇರುತ್ತಿರುವ ಮರಿಹುಳುಗಳನ್ನು. ಸರಿಯಾಗಿ ತೇಲದೆ ಮುಳುಗಿದ ನೊಣವನ್ನು ಮೀನು ಕಚ್ಚಿದಾಗ, ಬೇರೆಯವರಾದರೆ ಅದೃಷ್ಟವೆಂದು ಸುಮ್ಮನಾಗುತ್ತಿದ್ದರು. ಇವರು ಕಾರಣ ಹುಡುಕಿದರು. ಮುಂದೆ ಮೀನಿನ ಹೊಟ್ಟೆಯಲ್ಲಿದ್ದುದನ್ನು ಚಮಚದಿಂದ ತೆಗೆದು ನೀರಿನಲ್ಲಿ ಹರಡಿ ಪರೀಕ್ಷಿಸುವುದನ್ನೂ ರೂಢಿಸಿಕೊಂಡರು. ಬಿ.ಎಸ್ಸಿ. ತರಗತಿಯಲ್ಲಿ ಕಪ್ಪೆ ಸೀಳುವಾಗ ನಮ್ಮ ಮೇಷ್ಟರು, “ಪುಸ್ತಕದ ಚಿತ್ರ ಮುಚ್ಚಿ, ಟ್ರೇ ನೋಡ್ರಯ್ಯಾ” ಎಂದು ಗದರುತ್ತಿದ್ದುದು ನೆನಪಾಯಿತು.

ನನ್ನ ತಕರಾರು ಇರುವುದು ಧಾಟಿಯ ಬಗ್ಗೆ. ಹೆಸರಿನಲ್ಲೇ ‘ಮೈನರ್’! ತೇಲುವ ನೊಣದ ವಿದ್ಯೆಗೆ ಇದು ಬರೀ ಪೂರಕ ಎಂದು ಲೇಖಕರು ಹಾಲ್‌ಫರ್ಡರಿಗೆ ಕೈ ಮುಗಿಯುತ್ತಲೇ ಸಾಗುತ್ತಾರೆ. ಮೇಲಧಿಕಾರಿಗೆ ಟಿಪ್ಪಣಿ ಬರೆಯುವ ಗುಮಾಸ್ತನ ಬೆನ್ನು ಬಾಗು ಇದು. ಲೆಕ್ಕ ತಪ್ಪಿದೆಯೆಂದು ಗೊತ್ತಿದ್ದೂ ‘ಪರಿಶೀಲಿಸಬಹುದು’ ಎಂದಷ್ಟೇ ಬರೆದು ಕಡತ ಮೇಲಕ್ಕೆ ಕಳಿಸಿದವನು ನಾನೂ ಹೌದು. ಆದ್ದರಿಂದಲೇ ಆ ಪುಟಗಳು ಚುಚ್ಚುತ್ತವೆ. ಆ ವಿನಯದಿಂದ ಅವರಿಗೆ ಲಾಭವೂ ಆಗಲಿಲ್ಲ. 1938ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಅವರು ಇದೇ ಮರಿಹುಳುವಿನ ವಾದಕ್ಕೆ ಮತ್ತೆ ಉತ್ತರ ಹೇಳಬೇಕಾಯಿತು.

ತಮಾಷೆಯೆಂದರೆ, ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಕಥೆ ತಿರುಗುಮುರುಗು. ಸಮುದ್ರಕ್ಕೆ ಹೋಗಿ ಬರುವ ಸ್ಟೀಲ್‌ಹೆಡ್ ಟ್ರೌಟಿಗೆ ಗಾಳ ಆಳಕ್ಕಿಳಿಯಬೇಕೆಂಬುದು ಅಲ್ಲಿಯ ರೂಢಿ. ಕ್ಯಾಂಪ್‌ಬೆಲ್ ನದಿಯ ದಡದಲ್ಲಿ ಮ್ಯಾಜಿಸ್ಟ್ರೇಟರಾಗಿದ್ದ ಹೇಗ್-ಬ್ರೌನ್ ತೇಲುವ ನೊಣದಿಂದಲೇ ಅದನ್ನು ಹಿಡಿದು ತೋರಿಸಿದರು. ಒಂದು ಹೊಳೆಯ ಮಡಿ ಇನ್ನೊಂದು ಹೊಳೆಯಲ್ಲಿ ಮೈಲಿಗೆ.

ನದಿಯನ್ನೇ ಕಾಣದವರಿಗೆ ನೊಣ ಕಟ್ಟುವ ವಿವರಗಳು ಬೇಸರ ತರಿಸುತ್ತವೆ. ಅವನ್ನು ಹಾರಿಸಿ ಓದಿ. ಮೀನು ನೀರನ್ನು ಉಬ್ಬಿಸುವ ಪುಟಗಳನ್ನು ಮಾತ್ರ ಬಿಡಬೇಡಿ.